ಹಳೆ ಮರದ ಕುರ್ಚಿಗೆ ಅರಗಿನ ಪಾಲಿಷ್: ಎರಡು ವಾರಾಂತ್ಯದಲ್ಲಿ ನೀವೇ ಮಾಡಿಕೊಳ್ಳುವ ಬಗೆ

"ಅಜ್ಜನ ಕಾಲದ ಸಾಗುವಾನಿ ಕುರ್ಚಿ ಇದೆ, ಬಣ್ಣ ಮಂಕಾಗಿದೆ, ಯಾವ ಪಾಲಿಷ್ ಹಚ್ಚಲಿ?" ಶನಿವಾರ, ಭಾನುವಾರ ಮನೆಯಲ್ಲಿ ಏನಾದರೂ ಕೈಕೆಲಸ ಮಾಡಬೇಕು ಎನ್ನುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಎಲ್ಲರಿಗೂ ಬೇಕಾಗಿರುವುದು ಒಂದು ಡಬ್ಬಿಯ ಹೆಸರು. ಆದರೆ ಡಬ್ಬಿ ತೆರೆಯುವ ಹೊತ್ತಿಗೆ ಕೆಲಸದ ಮುಕ್ಕಾಲು ಪಾಲು ಮುಗಿದಿರಬೇಕು. ತೊಳೆಯುವುದು, ಬಿಗಿ ಮಾಡುವುದು, ಉಜ್ಜುವುದು – ಇವು ಸರಿಯಾದರೆ ಸಾಧಾರಣ ಪಾಲಿಷ್ ಕೂಡ ಚೆನ್ನಾಗಿ ಕಾಣುತ್ತದೆ. ಇವು ಕೆಟ್ಟರೆ ಎಷ್ಟು ದುಬಾರಿ ಪಾಲಿಷ್ ಹಚ್ಚಿದರೂ ಒಳಗಿನ ಗೀರುಗಳೇ ಎದ್ದು ಕಾಣುತ್ತವೆ.

ಇಲ್ಲಿ ಹೇಳುತ್ತಿರುವುದು ಅರಗಿನ ಪಾಲಿಷ್ ಬಗ್ಗೆ. ಅರಗು ಎಂದರೆ ಮುತ್ತುಗ, ಬೋರೆಯಂಥ ಮರಗಳ ಕೊಂಬೆಯ ಮೇಲೆ ಅರಗಿನ ಹುಳು ಸುರಿಸುವ ಅಂಟು. ನಮ್ಮ ದೇಶದಲ್ಲಿ ಜಾಸ್ತಿ ಬರುವುದು ಜಾರ್ಖಂಡ್ ಕಡೆಯಿಂದ. ಅದನ್ನು ಶುದ್ಧ ಮಾಡಿ ತೆಳು ಹಾಳೆ ಎಳೆದು ಚೂರು ಮಾಡಿದರೆ ಚಪಡಾ. ಅಂಗಡಿಯಲ್ಲಿ ಶೆಲ್ಲಾಕ್ ಎಂದರೂ ಕೊಡುತ್ತಾರೆ. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅರಗಿನದ್ದೇ. ಅಲ್ಲಿ ಸ್ಪಿರಿಟ್ ಬಳಸುವುದಿಲ್ಲ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ತಿಕ್ಕಾಟದ ಬಿಸಿಗೆ ಅದು ಕರಗಿ ಹತ್ತಿಕೊಳ್ಳುತ್ತದೆ. ನಾವು ಮನೆಯಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಲ್ಲಿ ಹಚ್ಚುತ್ತೇವೆ.

ಹೊಸಬರಿಗೆ ಇದನ್ನೇ ಹೇಳಲು ಕಾರಣವಿದೆ. ಬೇಗ ಒಣಗುತ್ತದೆ, ಸ್ಪ್ರೇ ಯಂತ್ರ ಬೇಡ, ತಪ್ಪಾದರೆ ಸ್ಪಿರಿಟ್ ಹಾಕಿ ಒರೆಸಿ ಮತ್ತೆ ಹಚ್ಚಬಹುದು. ಆದರೆ ಬಿಸಿ, ನೀರು, ಸ್ಪಿರಿಟ್ ಈ ಮೂರನ್ನೂ ಅರಗು ತಡೆಯುವುದಿಲ್ಲ. ಊಟದ ಮೇಜು, ಮಳೆ ಬಿಸಿಲಿಗೆ ಒಡ್ಡಿದ ಮುಂಬಾಗಿಲು, ಬಚ್ಚಲುಮನೆಯ ಬಾಗಿಲು ಇವಕ್ಕೆ ಇದು ಬೇಡ. ಅಲ್ಲಿ ಪಾಲಿಯುರೆಥೇನ್, ಅಂದರೆ ಅಂಗಡಿಯವರು ಪಿಯು ಎನ್ನುವ ಗಟ್ಟಿ ಲೇಪನವೇ ಸರಿ. ಕುರ್ಚಿ, ಸ್ಟೂಲು, ಪುಸ್ತಕದ ಕಪಾಟು, ಫೋಟೋ ಚೌಕಟ್ಟು, ಹಳೆಯ ಪೆಟ್ಟಿಗೆ, ತೊಟ್ಟಿಲು – ಇವಕ್ಕೆಲ್ಲ ಅರಗು ಚೆನ್ನ.

ಮೊದಲ ಸಲಕ್ಕೆ ಒಂದು ಕುರ್ಚಿ ಸಾಕು. ಮನೆಯ ಮರದ ಸಾಮಾನನ್ನೆಲ್ಲ ಒಟ್ಟಿಗೆ ಹೊರಗೆ ಹಾಕಬೇಡಿ.

ಯಾವಾಗ ಮಾಡಬೇಕು

ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಇಲ್ಲಿ ಎಡವುವವರು ಬಹಳ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಹಚ್ಚಿದ ಅರಗು ಒಣಗುತ್ತಲೇ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಸ್ಪಿರಿಟ್ ಆರುವಾಗ ಮರದ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂರುತ್ತದೆ, ಅದು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಮುಟ್ಟದಿರುವುದೇ ಒಳ್ಳೆಯದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಹುತೇಕ ಎಲ್ಲ ಕಡೆ ಅನುಕೂಲ. ಬೆಂಗಳೂರು, ಮೈಸೂರಿನಲ್ಲಿ ಮಳೆ ಬಿಡುವು ಕೊಟ್ಟ ದಿನ ನೋಡಿ ಮಾಡಬಹುದು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಮುಗಿಸಿ. ಹಾಗಂತ ಸುಡುವ ಬಿಸಿಲಿನಲ್ಲೂ ಬೇಡ. ಬಟ್ಟೆ ಎಳೆಯುವ ಮೊದಲೇ ಒಣಗಿ ಗೆರೆ ಮೂಡುತ್ತದೆ. ಗಾಳಿಯಾಡುವ ನೆರಳು ಬೇಕು.

ಬೇಕಾದ ಸಾಮಾನು

ಚಪಡಾ 100 ಗ್ರಾಂ, ಮರದ ಪಾಲಿಷ್‌ಗೆ ಬಳಸುವ ಸ್ಪಿರಿಟ್ ಒಂದು ಲೀಟರ್. ಒಂದು ಕುರ್ಚಿಗೆ ಇಷ್ಟು ಧಾರಾಳ ಸಾಕು. ಉಪ್ಪುಕಾಗದ 80, 120, 180, 220 ಮತ್ತು 400 ನಂಬರಿನವು, ಒಂದೊಂದರಲ್ಲಿ ಎರಡು ಮೂರು ಹಾಳೆ. ನಂಬರು ಹೆಚ್ಚಾದಷ್ಟೂ ಕಾಗದ ನಯ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಮರದ ತುಂಡು. ಬಿಳಿ ಮರಗೋಂದು, ಹತ್ತಿ, ಹಳೆಯ ಬಿಳಿ ಪಂಚೆ ಅಥವಾ ಬನಿಯನ್, ಮುಚ್ಚಳವಿರುವ ಗಾಜಿನ ಬಾಟಲಿ, ಕೈಗವಸು, ಎನ್95 ಮಾಸ್ಕ್. ಬಟ್ಟೆ ಬಣ್ಣದ್ದಾದರೆ ಸ್ಪಿರಿಟ್‌ಗೆ ಬಣ್ಣ ಬಿಟ್ಟು ಮರಕ್ಕೆ ಹತ್ತುತ್ತದೆ, ಬಿಳಿಯದೇ ಇರಲಿ.

ಮಾಸ್ಕ್ ಯಾಕೆ ಅಂತ ಕೇಳುವವರಿಗೆ: ಮರದ ಪುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಸಾಗುವಾನಿ ಪುಡಿ ಕೆಲವರ ಚರ್ಮಕ್ಕೂ ಕಣ್ಣಿಗೂ ತುರಿಕೆ ತರುತ್ತದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು.

ಹಂತ 1: ನಿಜವಾಗಲೂ ಪಾಲಿಷ್ ಬೇಕಾ, ನೋಡಿ

ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಕುರ್ಚಿಯನ್ನು ಒರೆಸಿ, ತಕ್ಷಣ ಒಣಬಟ್ಟೆಯಲ್ಲಿ ಮತ್ತೆ ಒರೆಸಿ. ಕೈ ಇಡುವ ಜಾಗದಲ್ಲಿ ಕೂತಿರುವ ಕಪ್ಪು ಬಹಳ ಸಲ ಎಣ್ಣೆ, ಬೆವರು, ಧೂಳು ಅಷ್ಟೇ. ಅದು ಹೋದ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಮುತ್ತಿನಂತೆ ನಿಂತರೆ ಹಳೆಯ ಪದರ ಇನ್ನೂ ಗಟ್ಟಿ ಇದೆ. ಆಗ ಜೇನುಮೇಣ ಹಚ್ಚಿ ಉಜ್ಜಿದರೆ ಸಾಕು, ಮುಂದಿನದ್ದು ಯಾವುದೂ ಬೇಡ. ನೀರು ಒಳಗಿಳಿದು ಮರ ಕಪ್ಪಾದರೆ ಪದರ ಸತ್ತಿದೆ ಎಂದರ್ಥ.

ಆಮೇಲೆ ಸೀಟಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾದರೆ ಹಳೆಯದೂ ಅರಗಿನ ಪಾಲಿಷೇ. ಇದು ಒಳ್ಳೆಯ ಸುದ್ದಿ. ಹೊಸ ಅರಗು ಹಳೆಯದನ್ನು ಕರಗಿಸಿ ಅದರ ಜೊತೆ ಬೆರೆತುಹೋಗುತ್ತದೆ. ಪೂರ್ತಿ ಕೆರೆಯುವ ಕೆಲಸವೇ ಇಲ್ಲ, 220ರ ಕಾಗದದಲ್ಲಿ ಹಗುರವಾಗಿ ಉಜ್ಜಿ ಹಂತ 4ಕ್ಕೆ ಹೋಗಬಹುದು. ಸ್ಪಿರಿಟ್‌ಗೆ ಏನೂ ಆಗದಿದ್ದರೆ ಮೇಲಿರುವುದು ವಾರ್ನಿಷ್, ಪಿಯು, ಮೆಲಮೈನ್ ಅಥವಾ ಬಣ್ಣ. ಅದನ್ನು ತೆಗೆಯಲೇಬೇಕು.

ಎರಡು ಎಚ್ಚರಿಕೆ. ಮೊದಲನೆಯದು, ಕುರ್ಚಿಗೆ ಹಳೆಯ ಎಣ್ಣೆಬಣ್ಣ ಬಳಿದಿದ್ದರೆ ಒಣ ಕಾಗದದಲ್ಲಿ ಉಜ್ಜಬೇಡಿ. ಮನೆಗೆ ಬಳಸುವ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು ಎಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಸೀಸದ ಪುಡಿ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಬಿಸಿ ಗಾಳಿಯ ಗನ್ ಹಿಡಿದರೆ ಸೀಸ ಹೊಗೆಯಾಗಿ ಬರುವ ಅಪಾಯವಿದೆ. ಮನೆಯ ಹೊರಗೆ ಪೇಂಟ್ ರಿಮೂವರ್ ಹಚ್ಚಿ ಮೆತ್ತಗಾದ ಮೇಲೆ ಹೆರೆಯಿರಿ. ಉಳಿದದ್ದನ್ನು ನೀರಿನಲ್ಲಿ ನೆನೆಸಿ ಬಳಸುವ ವಾಟರ್ ಪೇಪರ್‌ನಲ್ಲಿ ಒದ್ದೆ ಮಾಡಿಯೇ ಉಜ್ಜಿ. ಹೆರೆದದ್ದನ್ನು ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸ ಎಂದು ಬೇರೆಯಾಗಿಯೇ ಕೊಡಿ. ಮಕ್ಕಳು, ಗರ್ಭಿಣಿಯರು ಹತ್ತಿರ ಬರಬಾರದು.

ಎರಡನೆಯದು, ಅದು ನಿಜಕ್ಕೂ ಗಟ್ಟಿ ಮರವೇ ಅಂತ ಅಂಚು ನೋಡಿ ಖಚಿತ ಮಾಡಿಕೊಳ್ಳಿ. ಪ್ಲೈವುಡ್ ಮೇಲೆ ಒಳ್ಳೆಯ ಮರದ ತೆಳು ಹೊದಿಕೆ ಅಂಟಿಸಿರುತ್ತಾರೆ, ಅದಕ್ಕೆ ವೆನೀರ್ ಎನ್ನುತ್ತಾರೆ. ಅದು ಹೆಚ್ಚಾಗಿ ಅರ್ಧ ಮಿಲಿಮೀಟರ್ ಆಸುಪಾಸು ಇರುತ್ತದೆ. 80ರ ಕಾಗದ ಹಿಡಿದರೆ ಕ್ಷಣದಲ್ಲಿ ತೂತಾಗಿ ಕೆಳಗಿನ ಪ್ಲೈ ಕಾಣುತ್ತದೆ, ಆಮೇಲೆ ದಾರಿಯಿಲ್ಲ.

ಹಂತ 2: ಹುಳು ನೋಡಿ, ಕೀಲು ಬಿಗಿ ಮಾಡಿ (ಮೊದಲ ಶನಿವಾರ)

ಕುರ್ಚಿಯನ್ನು ಬಿಳಿ ಹಾಳೆಯ ಮೇಲೆ ಇಟ್ಟು ಮೆಲ್ಲಗೆ ತಟ್ಟಿ. ಗುಂಡುಸೂಜಿ ತಲೆಯಷ್ಟು ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಹೊಸದಾಗಿ ಉದುರಿದರೆ ಕೊರೆಯುವ ಹುಳು ಇನ್ನೂ ಜೀವಂತ ಇದೆ. ಮರದ ಹುಳುವಿನ ಔಷಧಿಯನ್ನು ಸಿರಿಂಜಿನಲ್ಲಿ ತೂತಿಗೆ ಬಿಟ್ಟು, ಡಬ್ಬಿಯ ಮೇಲೆ ಹೇಳಿದಷ್ಟು ದಿನ ಕಾಯಿರಿ. ಪಾಲಿಷ್ ಹಚ್ಚಿ ಮುಚ್ಚಿದರೆ ಹುಳು ಒಳಗೇ ತಿನ್ನುತ್ತಿರುತ್ತದೆ.

ಈಗ ಕುರ್ಚಿಯನ್ನು ಅಲ್ಲಾಡಿಸಿ. ಯಾವ ಕೀಲು ಸಡಿಲ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸಡಿಲವಾದ ಕಡೆ ಮೇಲಿನಿಂದ ಗೋಂದು ಸುರಿಯುವುದು, ಮೊಳೆ ಹೊಡೆಯುವುದು ಎರಡೂ ತಪ್ಪು. ಬಿಳಿ ಗೋಂದು ಹಿಡಿಯುವುದು ಬರಿ ಮರವನ್ನು, ಹಳೆಯ ಒಣ ಗೋಂದನ್ನಲ್ಲ. ಮೊಳೆ ಕೀಲಿನ ಮರವನ್ನೇ ಸೀಳುತ್ತದೆ. ಕೀಲನ್ನು ಮೆಲ್ಲಗೆ ಬಿಡಿಸಿ. ಹಳೆಯ ಕುರ್ಚಿಗಳಲ್ಲಿ ಹೆಚ್ಚಾಗಿ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ ಅಂಟು ಇರುತ್ತದೆ. ಬಿಸಿನೀರಿನ ಬಟ್ಟೆ ಸುತ್ತಿದರೆ ಅದು ಮೆತ್ತಗಾಗುತ್ತದೆ. ಹಳೆಯದನ್ನು ಹೆರೆದು, ಮರ ಪೂರ್ತಿ ಒಣಗಿದ ಮೇಲೆ ಹೊಸ ಗೋಂದು ಹಚ್ಚಿ ಕೂಡಿಸಿ. ಸಾಗುವಾನಿಯಲ್ಲಿ ಸಹಜವಾಗಿಯೇ ಎಣ್ಣೆ ಇರುತ್ತದೆ. ಗೋಂದು ಹಚ್ಚುವ ಮುಂಚೆ ಆ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಹಿಡಿತ ಚೆನ್ನಾಗಿ ಬರುತ್ತದೆ.

ಕ್ಲ್ಯಾಂಪ್ ಇಲ್ಲದಿದ್ದರೆ ಚಿಂತೆಯಿಲ್ಲ. ನಾಲ್ಕೂ ಕಾಲಿಗೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿ ಮಾಡಿ. ಹಗ್ಗ ಕಚ್ಚುವ ಕಡೆ ಬಟ್ಟೆ ಇಡಿ. ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ನಾಲ್ಕೂ ಕಾಲು ಊರಿವೆಯೇ ಎಂದು ಆಗಲೇ ನೋಡಿ, ಗೋಂದು ಒಣಗಿದ ಮೇಲೆ ತಿದ್ದಲು ಆಗುವುದಿಲ್ಲ. ಹೊರಗೆ ಉಕ್ಕಿದ ಗೋಂದನ್ನು ಒದ್ದೆ ಬಟ್ಟೆಯಲ್ಲಿ ತಕ್ಷಣ ಒರೆಸಿ. ಒಂದು ಹನಿ ಉಳಿದರೂ ಅಲ್ಲಿ ಬಣ್ಣ ಹಿಡಿಯದೆ ಬೆಳ್ಳನೆ ಮಚ್ಚೆ ಉಳಿಯುತ್ತದೆ. ಇಡೀ ರಾತ್ರಿ ಹಾಗೇ ಬಿಡಿ.

ಬೆತ್ತದ ಸೀಟು ಇದ್ದರೆ ಟೇಪ್ ಮತ್ತು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಬಿಡಿ.

ಹಂತ 3: ಉಜ್ಜುವುದು (ಮೊದಲ ಭಾನುವಾರ)

ಇಲ್ಲಿ ಆತುರ ಪಟ್ಟರೆ ಎಲ್ಲ ಕೆಟ್ಟಿತು. ಕಾಗದವನ್ನು ಮರದ ತುಂಡಿಗೆ ಸುತ್ತಿ ಹಿಡಿಯಿರಿ. ಬರಿ ಬೆರಳಲ್ಲಿ ಒತ್ತಿದರೆ ಬೆರಳಿನ ಜಾಗದಲ್ಲಿ ತಗ್ಗು ಬೀಳುತ್ತದೆ. ಯಾವಾಗಲೂ ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಿ. ಎಳೆ ಎಂದರೆ ಮರದ ಉದ್ದಕ್ಕೆ ಕಾಣುವ ಗೆರೆಗಳು. ಅಡ್ಡಕ್ಕೆ ಬಿದ್ದ ಒಂದೇ ಒಂದು ಗೀರು ಪಾಲಿಷ್ ಆದ ಮೇಲೆ ಎದ್ದು ನಿಲ್ಲುತ್ತದೆ. ಕಾಲು ಮತ್ತು ಅಡ್ಡಪಟ್ಟಿ ಸೇರುವ ಕಡೆ ಎಳೆಯ ದಿಕ್ಕು ಬದಲಾಗುತ್ತದೆ. ಅಲ್ಲಿ ಒಂದು ಮರಕ್ಕೆ ಟೇಪ್ ಅಂಟಿಸಿ ಇನ್ನೊಂದನ್ನು ಉಜ್ಜಿ.

ಹಳೆಯ ಪದರ ದಪ್ಪ ಇದ್ದರೆ 80ರಿಂದ ಶುರು ಮಾಡಿ, ಇಲ್ಲದಿದ್ದರೆ 120ರಿಂದ. ಆಮೇಲೆ 180, ಆಮೇಲೆ 220. ನಡುವಿನ ನಂಬರು ಹಾರಿಸಬೇಡಿ. ಪ್ರತಿ ಕಾಗದದ ಕೆಲಸ ಹಿಂದಿನ ಕಾಗದದ ಗೀರು ಅಳಿಸುವುದು. 80 ಬಿಟ್ಟ ಆಳದ ಗೀರನ್ನು 220 ಅಳಿಸಲಾರದು, ಸುಮ್ನೆ ನಯ ಮಾಡಿ ಮರೆಸುತ್ತದೆ. ಅರಗು ಬಿದ್ದ ಕೂಡಲೇ ಗೀರು ಮತ್ತೆ ಕಾಣುತ್ತದೆ. ಗೀರು ಹೋಗಿದೆಯೇ ಎಂದು ತಿಳಿಯಲು ಕೋಣೆ ಕತ್ತಲು ಮಾಡಿ ಟಾರ್ಚನ್ನು ಮರಕ್ಕೆ ತಾಗಿಸಿದಂತೆ ಓರೆಯಾಗಿ ಹಿಡಿದು ನೋಡಿ. ಮೇಲಿನಿಂದ ಬೀಳುವ ಬೆಳಕಿನಲ್ಲಿ ಕಾಣದ್ದೆಲ್ಲ ಅಲ್ಲಿ ಕಾಣುತ್ತದೆ.

ಕೆತ್ತನೆ ಇರುವ ಕಡೆ ಮರದ ತುಂಡು ಬೇಡ, ಕಾಗದವನ್ನು ಮಡಿಸಿ ಕೈಯಲ್ಲೇ ಹಗುರವಾಗಿ ಉಜ್ಜಿ. ಕೆತ್ತನೆಯ ಮೂಲೆಯ ಕಪ್ಪನ್ನು ಪೂರ್ತಿ ತೆಗೆಯುವ ಹಟ ಬೇಡ. ಆ ನೆರಳಿನಿಂದಲೇ ಕೆತ್ತನೆಗೆ ಆಳ ಬರುತ್ತದೆ. ಅಂಚುಗಳನ್ನು ಜಾಸ್ತಿ ಉಜ್ಜಿ ದುಂಡಗೆ ಮಾಡಿದರೆ ಹಳೆಯ ಕುರ್ಚಿಯ ಚಂದವೇ ಹೋಗುತ್ತದೆ.

220 ಆದ ಮೇಲೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಡಿ. ಮಲಗಿದ್ದ ಸಣ್ಣ ನಾರುಗಳು ನೆಟ್ಟಗಾಗಿ ಮರ ಒರಟಾಗುತ್ತದೆ. ಹೆದರಬೇಡಿ, ಅದೇ 220ರಲ್ಲಿ ಮತ್ತೊಮ್ಮೆ ಹಗುರವಾಗಿ ಉಜ್ಜಿ. ಈ ಒಂದು ಕೆಲಸ ಬಿಟ್ಟವರ ಪಾಲಿಷ್ ಮೊದಲ ಕೋಟ್‌ಗೇ ಗರಗರ ಅನ್ನುತ್ತದೆ.

ಬಿರುಕು, ಮೊಳೆ ತೂತಿಗೆ ಮರದ ಬಣ್ಣಕ್ಕೆ ಹೊಂದುವ ವುಡ್ ಫಿಲ್ಲರ್ ತುಂಬಿ. ಗೋಂದಿಗೆ ಮರದ ಪುಡಿ ಕಲಸಿ ತುಂಬುವ ರೂಢಿ ಇದೆ. ಅದು ಒಣಗಿದ ಮೇಲೆ ಸುತ್ತಲಿನ ಮರಕ್ಕಿಂತ ಕಪ್ಪಾಗಿ ಕಾಣುವುದರಿಂದ ಕಣ್ಣಿಗೆ ಬೀಳದ ಜಾಗಕ್ಕೆ ಮಾತ್ರ ಸರಿ. ಬಣ್ಣ ಹಚ್ಚುವ ವಿಚಾರಕ್ಕೆ ಬಂದರೆ, ಸಾಗುವಾನಿ, ಬೀಟೆ, ಹಲಸು, ಹೊನ್ನೆ ಇವಕ್ಕೆ ಸ್ಟೇನ್ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಚಪಡಾದ ಸಹಜ ಜೇನು ಬಣ್ಣವೇ ಈ ಮರಗಳಿಗೆ ಒಪ್ಪುತ್ತದೆ. ಬೇಕೇ ಬೇಕು ಅಂದರೆ ಸೀಟಿನ ಅಡಿಯಲ್ಲಿ ಹಚ್ಚಿ, ಒಣಗಿಸಿ, ಮೇಲೊಂದು ಕೋಟ್ ಅರಗು ಹಚ್ಚಿ ನೋಡಿದ ಮೇಲೆ ತೀರ್ಮಾನ ಮಾಡಿ.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು: ಕೈಯಲ್ಲಿ ಉಜ್ಜುವ ಸದ್ದು ಯಾರಿಗೂ ತೊಂದರೆಯಲ್ಲ. ಯಂತ್ರ ಬಳಸುವುದಾದರೆ ಭಾನುವಾರ ಮಧ್ಯಾಹ್ನದ ನಿದ್ದೆ ಹೊತ್ತು ಬಿಡಿ, ಅಲ್ವಾ.

ಹಂತ 4: ಅರಗು ಕರಗಿಸುವುದು (ಎರಡನೇ ವಾರದ ಗುರುವಾರ ರಾತ್ರಿ)

ಗಾಜಿನ ಬಾಟಲಿಯಲ್ಲಿ 100 ಗ್ರಾಂ ಚಪಡಾ, ಅರ್ಧ ಲೀಟರ್ ಸ್ಪಿರಿಟ್ ಹಾಕಿ ಮುಚ್ಚಿ. ಆಗಾಗ ಕುಲುಕುತ್ತಿರಿ, ಇಲ್ಲದಿದ್ದರೆ ತಳದಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಶನಿವಾರ ಬೆಳಿಗ್ಗೆ ಹೊತ್ತಿಗೆ ಕರಗಿರುತ್ತದೆ. ಹಳೆ ಪಂಚೆಯ ತುಂಡಿನಲ್ಲಿ ಸೋಸಿ. ಕಬ್ಬಿಣದ ಡಬ್ಬಿಯಲ್ಲಿ ಮಾಡಬೇಡಿ, ಅರಗು ಕಪ್ಪಾಗುತ್ತದೆ. ಬೇಗ ಕರಗಲಿ ಎಂದು ಒಲೆಯ ಮೇಲೆ ಬಿಸಿ ಮಾಡುವ ಯೋಚನೆ ಯಾವತ್ತೂ ಬೇಡ, ಸ್ಪಿರಿಟ್ ಥಟ್ಟನೆ ಹೊತ್ತಿಕೊಳ್ಳುತ್ತದೆ.

ಕೆಲಸ ಮಾಡುವಾಗಲೂ ಅಷ್ಟೇ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ, ಸಿಗರೇಟು ಯಾವುದೂ ಹತ್ತಿರ ಇರಬಾರದು. ಕಿಟಕಿ ಬಾಗಿಲು ತೆಗೆದಿರಲಿ. ಈ ಸ್ಪಿರಿಟ್‌ಗೆ ವಿಷ ಬೆರೆಸಿರುತ್ತಾರೆ, ಕುಡಿದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು.

ಹಂತ 5: ಹಚ್ಚುವುದು (ಎರಡನೇ ಶನಿವಾರ)

ಒಂದು ಹಿಡಿ ಹತ್ತಿಯನ್ನು ಬಿಳಿ ಬಟ್ಟೆಯ ಚೌಕದಲ್ಲಿಟ್ಟು, ಅಡಿಭಾಗ ಸುಕ್ಕಿಲ್ಲದಂತೆ ಎಳೆದು, ಮೇಲೆ ತಿರುಚಿ ಹಿಡಿಯಿರಿ. ಬಡಗಿಗಳು ಬ್ರಷ್‌ಗಿಂತ ಈ ಗಂಟನ್ನೇ ನಂಬುತ್ತಾರೆ. ಗಂಟು ಬಿಚ್ಚಿ ಹತ್ತಿಗೆ ಅರಗು ಹಾಕಿ, ಮತ್ತೆ ಕಟ್ಟಿ, ಕಾಗದದ ಮೇಲೆ ಒತ್ತಿ. ಕಾಗದ ಒದ್ದೆಯಾಗಬೇಕು, ಆದರೆ ಹರಿಯಬಾರದು.

ಮೊದಲ ಕೋಟ್‌ಗೆ ಅರಗಿನಷ್ಟೇ ಸ್ಪಿರಿಟ್ ಬೆರೆಸಿ ತೆಳ್ಳಗೆ ಮಾಡಿಕೊಳ್ಳಿ. ಅದು ಮರದೊಳಗೆ ಇಳಿಯಲಿ. ಗಂಟನ್ನು ಒಂದು ತುದಿಯ ಹೊರಗಿನಿಂದಲೇ ಎಳೆಯುತ್ತಾ ಬಂದು, ಮರಕ್ಕೆ ತಾಗಿಸಿ, ಇನ್ನೊಂದು ತುದಿ ದಾಟಿ ಹೊರಗೆ ಹೋಗಿ. ಮರದ ಮೇಲೆ ಇಟ್ಟು ನಿಲ್ಲಿಸಲೇಬೇಡಿ. ನಿಂತ ಕಡೆ ಕೆಳಗಿನ ಪದರ ಕರಗಿ ಬಟ್ಟೆಯ ಗುರುತು ಅಚ್ಚೊತ್ತುತ್ತದೆ. ಒಂದು ಜಾಗ ಬಿಟ್ಟುಹೋಯಿತು ಅಂತ ಕೂಡಲೇ ಹಿಂದಕ್ಕೆ ಹೋಗಿ ತಿದ್ದಬೇಡಿ, ಮುಂದಿನ ಕೋಟ್‌ನಲ್ಲಿ ತುಂಬಿಕೊಳ್ಳುತ್ತದೆ. ಹೊಸಬರ ಪಾಲಿಷ್ ಕೆಡುವುದು ಹೆಚ್ಚಾಗಿ ಹೀಗೆ ಹಿಂದೆ ಹೋಗಿ ತಿದ್ದುವುದರಿಂದಲೇ.

ಅರ್ಧ ಗಂಟೆ ಬಿಟ್ಟು ಎರಡನೇ ಕೋಟ್, ಮತ್ತೆ ಅರ್ಧ ಗಂಟೆ ಬಿಟ್ಟು ಮೂರನೆಯದು. ಇವಕ್ಕೆ ಸ್ಪಿರಿಟ್ ಸ್ವಲ್ಪ ಕಡಿಮೆ ಬೆರೆಸಿ. ಗಂಟು ಅಂಟಿಕೊಂಡು ಎಳೆಯತೊಡಗಿದರೆ ಅವತ್ತಿಗೆ ನಿಲ್ಲಿಸುವುದೇ ಸರಿ. ಗಂಟನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮಾರನೇ ದಿನಕ್ಕೂ ಮೆತ್ತಗಿರುತ್ತದೆ.

ಹಂತ 6: ಕೊನೆಯ ಕೋಟ್‌ಗಳು (ಎರಡನೇ ಭಾನುವಾರ)

ರಾತ್ರಿ ಕಳೆದ ಮೇಲೆ ಪದರ ಕುಗ್ಗಿ ಕೆಲವು ಕಡೆ ಒರಟು ಕಾಣುತ್ತದೆ. 400ರ ಕಾಗದದಲ್ಲಿ, ಭಾರ ಹಾಕದೆ, ಮೇಲಿನ ಧೂಳು ಕಣ ಹೋಗುವಷ್ಟು ಮಾತ್ರ ಉಜ್ಜಿ. ಬಿಳಿ ಪುಡಿ ಬರಬೇಕು. ಕಾಗದಕ್ಕೆ ಅಂಟು ಮೆತ್ತಿದರೆ ಇನ್ನೂ ಒಣಗಿಲ್ಲ ಎಂದರ್ಥ, ಕಾಯಿರಿ. ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಎರಡು ಮೂರು ತೆಳು ಕೋಟ್ ಕೊಡಿ. ಗಂಟು ಸರಾಗವಾಗಿ ಓಡದಿದ್ದರೆ ಅದರ ತಳಕ್ಕೆ ಬೆರಳ ತುದಿಯಲ್ಲಿ ಒಂದು ಹನಿ ಅಗಸೆ ಎಣ್ಣೆ ಸವರಿ. ಒಂದೇ ಹನಿ. ಜಾಸ್ತಿಯಾದರೆ ಮೇಲೆ ಜಿಡ್ಡು ನಿಲ್ಲುತ್ತದೆ.

ಅಗಸೆ ಎಣ್ಣೆ ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಬಿಸಿ ಸೇರುತ್ತಾ ಹೋಗಿ ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಗರಿಗರಿಯಾಗಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಮಳೆ ಬಂದು ಪದರ ಬೆಳ್ಳಗಾದರೆ ಗಾಬರಿ ಬೇಡ. ಒಣ ಹವೆಯ ದಿನಕ್ಕಾಗಿ ಕಾದು, ಗಂಟಿಗೆ ಸ್ಪಿರಿಟ್ ಮಾತ್ರ ಸ್ವಲ್ಪ ತಾಗಿಸಿ ಮೇಲೆ ಒಮ್ಮೆ ಹಗುರವಾಗಿ ಎಳೆದರೆ ಹೆಚ್ಚಾಗಿ ತಿಳಿಯಾಗುತ್ತದೆ. ಗೆರೆ ಗೆರೆಯಾಗಿ ಕಂಡರೆ ಅರಗು ದಪ್ಪವಾಗಿದೆ, ತೆಳ್ಳಗೆ ಮಾಡಿಕೊಳ್ಳಿ. ಎಷ್ಟು ಹೊತ್ತಾದರೂ ಅಂಟಂಟೇ ಇದ್ದರೆ ಅರಗು ಹಳತಾಗಿದೆ. ಸ್ಪಿರಿಟ್‌ನಲ್ಲಿ ಅದನ್ನು ಪೂರ್ತಿ ಒರೆಸಿ ತೆಗೆದು, ಹೊಸದಾಗಿ ಕರಗಿಸಿದ್ದನ್ನು ಹಚ್ಚಬೇಕು.

ಆಮೇಲೆ

ಮುಟ್ಟಿದರೆ ಒಂದು ಗಂಟೆಯಲ್ಲೇ ಒಣಗಿದ ಹಾಗೆ ಅನ್ನಿಸಿದರೂ ಅರಗು ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು. ಅಲ್ಲಿಯವರೆಗೆ ಕೂರಬೇಡಿ, ಮೇಲೆ ಬಟ್ಟೆ ಪೇಪರು ಇಡಬೇಡಿ. ವಾರ ಕಳೆದ ಮೇಲೆ ಜೇನುಮೇಣದ ಪಾಲಿಷನ್ನು ತೆಳ್ಳಗೆ ಹಚ್ಚಿ ಒಣಬಟ್ಟೆಯಲ್ಲಿ ಉಜ್ಜಿ. ಹೊಳಪು ಕಣ್ಣಿಗೆ ಹೊಡೆಯದೆ ತಂಪಾಗಿ ಕಾಣುತ್ತದೆ.

ಮುಂದೆಂದಾದರೂ ಇದರ ಮೇಲೆ ಪಿಯು ಹಚ್ಚುವ ಮನಸ್ಸಾದರೆ ನೆನಪಿರಲಿ: ಸಾಧಾರಣ ಚಪಡಾದಲ್ಲಿ ಮೇಣದ ಅಂಶ ಇರುತ್ತದೆ, ಅದರ ಮೇಲೆ ಪಿಯು ಸರಿಯಾಗಿ ಹಿಡಿಯುವುದಿಲ್ಲ. ಆಗ ಮೊದಲು ಅರಗನ್ನು ಪೂರ್ತಿ ತೆಗೆಯಬೇಕಾಗುತ್ತದೆ.

ಉಳಿದ ಅರಗಿನ ಬಾಟಲಿಯ ಮೇಲೆ ಕರಗಿಸಿದ ದಿನಾಂಕ ಬರೆದು ಅಂಟಿಸಿ. ಸುಮಾರು ಆರು ತಿಂಗಳು ಬಾಳುತ್ತದೆ. ಮತ್ತೆ ಬಳಸುವ ಮುಂಚೆ ಗಾಜಿನ ಚೂರಿನ ಮೇಲೆ ಒಂದು ಹನಿಯನ್ನು ತೆಳ್ಳಗೆ ಸವರಿ ನೋಡಿ. ಅರ್ಧ ಗಂಟೆಯ ಮೇಲೂ ಅಂಟಿದರೆ ಬಳಸಬೇಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಅರಗನ್ನಾಗಲಿ ಸ್ಪಿರಿಟನ್ನಾಗಲಿ ತುಂಬಿಡಬೇಡಿ. ಎರಡನ್ನೂ ಮಕ್ಕಳ ಕೈಗೆ ಸಿಗದ, ಒಲೆಯಿಂದ ದೂರದ ಕಪಾಟಿನಲ್ಲಿಡಿ.